ಅಕ್ಷದ ಮೇಲೆ ಪುಷ್ಯ ಮಳೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಅಂಗಳದಾಚೆ, ಅಡಕೆ ಮರದ ಸೋಗೆಯಾಗಲಿ ಮಾಡಿನ ಹನಿಯಾಗಲಿ ತಾಗದಷ್ಟು ದೂರದಲ್ಲಿ, ಒಂದು ಮಳೆಮಾಪಕವಿದೆ. ಬೆಳಿಗ್ಗೆ ಎಂಟೂವರೆಗೆ ಅಪ್ಪಯ್ಯ ಅದರ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒಳಗೆ ಬಂದು ಪುಸ್ತಕದಲ್ಲಿ ಬರೆಯುತ್ತಾರೆ. ಬರೆಯುವುದು ಇಂಚು ಮತ್ತು ಸೆಂಟಿನಲ್ಲಿ. ಇಂಚಿನ ನೂರನೇ ಒಂದು ಪಾಲಿಗೆ ನಮ್ಮ ಕಡೆಯ ತೋಟದವರು ಸೆಂಟ್ ಎನ್ನುತ್ತಾರೆ. ‘ಎರಡು ಇಂಚು ಮೂವತ್ತೈದು ಸೆಂಟ್’ ಎಂದರೆ 2.35 ಇಂಚು, ಮಿಲಿಮೀಟರಿನಲ್ಲಿ ಹೆಚ್ಚುಕಡಿಮೆ 59.7.

ಆ ಪುಸ್ತಕಗಳನ್ನು ನಾನು ಎರಡು ಬೇಸಿಗೆ ಕೂತು ಕಂಪ್ಯೂಟರಿಗೆ ಏರಿಸಿದೆ. ಕೊನೆಗೊಂದು ದಿನ, ಅಂಕಿಅಂಶಗಳ ಲೆಕ್ಕಕ್ಕೂ ಚಿತ್ರಕ್ಕೂ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲ ಚಿತ್ರ ಮೂಡಿಸಿ, ಲ್ಯಾಪ್‌ಟಾಪನ್ನು ಜಗಲಿಗೆ ಒಯ್ದು ಅಪ್ಪಯ್ಯನ ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು: ‘ಇದರಲ್ಲಿ ಪುಷ್ಯ ಮಳೆ ಯಾವುದು ಮಗಾ?’

ಚಿತ್ರದ ಕೆಳ ಅಂಚಿನಲ್ಲಿ ಇಂಗ್ಲಿಷಿನ ಜೂನ್, ಜುಲೈ, ಆಗಸ್ಟ್ ಇದ್ದವು. ಎಡ ಅಂಚಿನಲ್ಲಿ ನಾನು ಅವಸರದಲ್ಲಿ ಕಾಲಮ್ಮಿಗೆ ಇಟ್ಟಿದ್ದ ಹೆಸರು, ನಡುವಿನ ಅಡಿಗೆರೆಯ ಸಮೇತ, ಇದ್ದಂತೆಯೇ ಬಂದು ಕೂತಿತ್ತು. ಹೇಳದೆ ಬಿಟ್ಟರೆ ಆರ್ ಕಾಲಮ್ಮಿನ ಹೆಸರನ್ನೇ ಅಕ್ಷದ ಹೆಸರಾಗಿ ಎತ್ತಿಕೊಳ್ಳುತ್ತದೆ. ಮೂವತ್ತು ವರ್ಷಗಳಿಂದ ಆ ಮಳೆಯನ್ನು ಅಳೆದ ಮನುಷ್ಯನಿಗೆ ತನ್ನದೇ ಮಳೆಯ ಚಿತ್ರ ಓದಲು ಬರಲಿಲ್ಲ. ತಪ್ಪು ಅವರದಲ್ಲ, ಸ್ತಂಭಗಳ ಎತ್ತರದ್ದೂ ಅಲ್ಲ. ಎತ್ತರವೆಲ್ಲ ಸರಿಯಾಗಿಯೇ ಇತ್ತು. ನಾನು ಅಕ್ಷಗಳನ್ನು ಬರೆದಿರಲಿಲ್ಲ, ಬಂದದ್ದನ್ನು ಬಂದಂತೆ ಬಿಟ್ಟಿದ್ದೆ. ಅಂದಿನಿಂದ ನಾನು ಆರ್‌ನಲ್ಲಿ ಕಳೆಯುವ ಸಮಯದ ಬಹುಪಾಲು ಅಕ್ಷ, ಲೇಬಲ್ ಮತ್ತು ಯಾವ ಬಣ್ಣ ಯಾವುದರದ್ದೆಂದು ತಿಳಿಸುವ ಲೆಜೆಂಡುಗಳ ಮೇಲೆಯೇ ಹೋಗುತ್ತಿದೆ, ಮತ್ತು ಆ ಸಮಯ ವ್ಯರ್ಥವೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಆರ್ ಭಾಷೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದಲ್ಲಿ ಕಟ್ಟಿದರು, ಅದರ 1.0 ಆವೃತ್ತಿ 2000ದ ಫೆಬ್ರವರಿ 29ರಂದು ಹೊರಬಂತು. ಅದರೊಳಗೆ ಚಿತ್ರ ಬರೆಯಲು ನಾನು ಬಳಸುವುದು ಹ್ಯಾಡ್ಲಿ ವಿಕ್‌ಹ್ಯಾಮ್ ರೂಪಿಸಿದ ಜಿಜಿಪ್ಲಾಟ್2 ಎಂಬ ಪ್ಯಾಕೇಜನ್ನು, ಅಂದರೆ ಆರ್ ಭಾಷೆಗೆ ಜೋಡಿಸಿಕೊಳ್ಳುವ ಸಿದ್ಧ ಆದೇಶಗಳ ಕಟ್ಟನ್ನು. ಹೆಸರಿನಲ್ಲಿರುವ ಎರಡು ‘ಜಿ’ಗಳು ಗ್ರಾಮರ್ ಆಫ್ ಗ್ರಾಫಿಕ್ಸ್, ಅಂದರೆ ಚಿತ್ರಗಳ ವ್ಯಾಕರಣ, ಎಂಬ ಲೆಲಂಡ್ ವಿಲ್ಕಿನ್ಸನ್ ಅವರ ಚಿಂತನೆಯಿಂದ ಬಂದವು. ಆ ವ್ಯಾಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಇದು: ಅಕ್ಷವೂ ಲೆಜೆಂಡೂ ಮಾಡುವ ಕೆಲಸ ಒಂದೇ. 2.35 ಇಂಚು ಎಂಬ ಸಂಖ್ಯೆ ಚಿತ್ರದಲ್ಲಿ ಒಂದು ಎತ್ತರವಾಗುತ್ತದೆ, ಹೊಸನಗರ ಎಂಬ ಹೆಸರು ಒಂದು ಬಣ್ಣವಾಗುತ್ತದೆ. ಈ ಮಾರ್ಪಾಡನ್ನು ಮಾಡುವ ನಿಯಮಕ್ಕೆ ಸ್ಕೇಲ್ ಎನ್ನುತ್ತಾರೆ. ಓದುವವರು ಎತ್ತರದಿಂದ ಸಂಖ್ಯೆಗೆ, ಬಣ್ಣದಿಂದ ಊರಿಗೆ ಮರಳಿ ಬರಬೇಕಲ್ಲ, ಆ ಮರಳುವ ದಾರಿಯೇ ಅಕ್ಷ, ಆ ಮರಳುವ ದಾರಿಯೇ ಲೆಜೆಂಡ್. ಹಾಗಾಗಿಯೇ ಜಿಜಿಪ್ಲಾಟ್2ರಲ್ಲಿ ಅಕ್ಷದ ಗುರುತುಗಳನ್ನೂ ಲೆಜೆಂಡಿನ ಹೆಸರುಗಳನ್ನೂ ತಿದ್ದುವುದು ಒಂದೇ ಬಗೆಯ ಸ್ಕೇಲ್ ಆದೇಶಗಳಲ್ಲಿ, ‘ಬ್ರೇಕ್ಸ್’ ಮತ್ತು ‘ಲೇಬಲ್ಸ್’ ಎಂಬ ಒಂದೇ ಜೋಡಿ ಪದಗಳಿಂದ. ಬ್ರೇಕ್ಸ್ ಎಂದರೆ ಗುರುತು ಎಲ್ಲೆಲ್ಲಿ ಬೀಳಬೇಕು. ಲೇಬಲ್ಸ್ ಎಂದರೆ ಅಲ್ಲಿ ಏನು ಬರೆದಿರಬೇಕು. ಇವೆರಡೂ ಬೇರೆ ಬೇರೆ ಎಂಬುದು ತಿಳಿದ ದಿನ ಪುಷ್ಯ ಮಳೆಯ ದಾರಿ ಕಂಡಿತು.

ಮಲೆನಾಡಿನ ತೋಟದ ಕೆಲಸ ತಿಂಗಳ ಲೆಕ್ಕದಲ್ಲಿ ನಡೆಯುವುದಿಲ್ಲ, ಮಳೆ ನಕ್ಷತ್ರದ ಲೆಕ್ಕದಲ್ಲಿ ನಡೆಯುತ್ತದೆ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುವುದರಿಂದ ಒಂದೊಂದರ ಪಾಲಿಗೆ ಹದಿಮೂರೂವರೆ ದಿನ ಬರುತ್ತದೆ. ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ಮೃಗಶಿರಾ, ಜೂನ್ 21-22ರ ಹೊತ್ತಿಗೆ ಆರಿದ್ರಾ, ಜುಲೈ ಮೊದಲ ವಾರದಲ್ಲಿ ಪುನರ್ವಸು, ಜುಲೈ 19-20ಕ್ಕೆ ಪುಷ್ಯ, ಆಗಸ್ಟ್ ಆರಂಭಕ್ಕೆ ಆಶ್ಲೇಷ, ತಿಂಗಳ ನಡುವೆ ಮಘೆ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿಲ್ಲ. ಅಡಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣವನ್ನು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಕಲಸಿ, ಮಳೆ ಹಿಡಿಯುವ ಮೊದಲೊಮ್ಮೆ ಹೊಡೆಯುತ್ತೇವೆ; ಎರಡನೆಯ ಸಲ ಹೊಡೆಯಬೇಕಾದದ್ದು 40–45 ದಿನಗಳ ಮೇಲೆ. ಎಂದರೆ ಪುಷ್ಯದ ಆಸುಪಾಸಿನಲ್ಲಿ ಎಲ್ಲಾದರೂ ಒಂದೆರಡು ದಿನ ಮಳೆ ಬಿಟ್ಟು ಹೊಳವಾಗಬೇಕು, ಅದೇ ದಿನ ಮರ ಹತ್ತುವ ಕೊನೆಗಾರ ಸಿಗಬೇಕು. ‘ಪುಷ್ಯ ಮಳೆ ಯಾವುದು’ ಎಂದು ಅಪ್ಪಯ್ಯ ಕೇಳಿದ್ದು ಪಂಚಾಂಗದ ಮೋಹದಿಂದಲ್ಲ, ಹೊಳವು ಬಿದ್ದದ್ದು ಎಷ್ಟು ವರ್ಷ, ಎಷ್ಟು ದಿನ ಎಂದು ತಿಳಿಯುವುದಕ್ಕೆ.

ತಾರೀಖಿನ ಅಕ್ಷಕ್ಕೆ ‘ಎರಡು ವಾರಕ್ಕೊಂದು ಗುರುತು’ ಎಂದು ಹೇಳಿದರೆ ಆರ್ ತಾನೇ ಹಾಕಿಕೊಳ್ಳುತ್ತದೆ. ಆದರೆ ನಕ್ಷತ್ರಗಳು ಒಮ್ಮೆ ಹದಿಮೂರು ದಿನ, ಒಮ್ಮೆ ಹದಿನಾಲ್ಕು ದಿನ ನಡೆಯುತ್ತವೆ. ಆದ್ದರಿಂದ ಪ್ರತಿ ನಕ್ಷತ್ರದ ಆರಂಭದ ತಾರೀಖನ್ನು ಕೈಯಾರೆ ಪಟ್ಟಿಮಾಡಿ ಬ್ರೇಕ್ಸ್‌ಗೆ ಕೊಟ್ಟೆ, ಹೆಸರುಗಳನ್ನು ಲೇಬಲ್ಸ್‌ಗೆ ಕೊಟ್ಟೆ. ಚಿತ್ರ ಬಂತು, ಸರಿಯೆನಿಸಲಿಲ್ಲ. ‘ಪುಷ್ಯ’ ಎಂಬ ಹೆಸರು ಅದು ಹುಟ್ಟುವ ದಿನದ ಕೆಳಗೆ ಕೂತಿತ್ತು, ಅರ್ಧ ಹೆಸರು ಪುನರ್ವಸುವಿನ ಜಾಗಕ್ಕೆ ಚಾಚಿತ್ತು. ತಿಂಗಳಾಗಲಿ ನಕ್ಷತ್ರವಾಗಲಿ ಒಂದು ಬಿಂದುವಲ್ಲ, ಒಂದು ಅವಧಿ. ಅವಧಿಯ ಹೆಸರು ಅದರ ನಡುವೆ ಇರಬೇಕು, ಬೇಲಿ ಮಾತ್ರ ಗಡಿಯಲ್ಲಿರಬೇಕು. ಉಪಾಯ ಸರಳವಾಗಿದೆ. ಹೆಸರು ಹೊತ್ತ ಮುಖ್ಯ ಗುರುತುಗಳನ್ನು ಆರಂಭದ ತಾರೀಖಿಗೆ ಏಳು ದಿನ ಕೂಡಿಸಿದ ಜಾಗಕ್ಕೆ ಸರಿಸಬೇಕು, ‘ಮೈನರ್ ಬ್ರೇಕ್ಸ್’ ಎಂಬ ಕಿರು ಗುರುತುಗಳನ್ನು ಆರಂಭದ ತಾರೀಖಿಗೇ ಇಡಬೇಕು, ಆಮೇಲೆ ಚಿತ್ರದ ತೋರಿಕೆಯನ್ನು ತಿದ್ದುವ ಥೀಮ್‌ನಲ್ಲಿ ಮುಖ್ಯ ಗುರುತಿನ ಲಂಬ ಗೆರೆಯನ್ನೂ ಅಕ್ಷದ ಮೇಲಿನ ಅದರ ಕಡ್ಡಿಯನ್ನೂ ಅಳಿಸಬೇಕು. ಉಳಿಯುವುದು ಗಡಿಯ ತೆಳು ಗೆರೆಗಳು, ಅವುಗಳ ನಡುನಡುವೆ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ಮಳೆಗಾಲದ ಚಿತ್ರ ಗದ್ದೆಯ ಹಾಗೆ ಬದುಗಳಿಂದ ಭಾಗವಾಗಿ ನಿಂತಿತು.

ಇಷ್ಟಾದರೂ ಆ ಹೆಸರುಗಳು ಕನ್ನಡವಾಗಿ ಕಾಣಿಸಿಕೊಳ್ಳಲು ಬೇರೆಯದೇ ಹೋರಾಟ ಬೇಕಾಯಿತು. ಮಾಮೂಲಿ ಪಿಡಿಎಫ್ ಆದೇಶದಿಂದ ಮೂಡಿಸಿದಾಗ ಕನ್ನಡದ ಜಾಗದಲ್ಲಿ ಬರೀ ಚುಕ್ಕಿಗಳು ಬಂದವು, ಇನ್ನೊಂದು ಬಗೆಯಲ್ಲಿ ಖಾಲಿ ಚೌಕಗಳು ಬಂದವು. ಮೂರನೆಯ ದಾರಿಯಲ್ಲಿ ಅಕ್ಷರಗಳು ಬಂದವು, ಆದರೆ ಒತ್ತಕ್ಷರ ಕೂಡಿಕೊಳ್ಳಲಿಲ್ಲ: ‘ಶಿವಮೊಗ್ಗ’ದಲ್ಲಿ ಗಕಾರದ ಕೆಳಗೆ ಇಳಿಯಬೇಕಾದ ಒತ್ತು ಪಕ್ಕದಲ್ಲಿ ಇಡಿಯ ಗಕಾರವಾಗಿ ನಿಂತಿತು, ‘ತೀರ್ಥಹಳ್ಳಿ’ಯ ಅರ್ಕಾವತ್ತು ತನ್ನ ಜಾಗ ಬಿಟ್ಟು ಮುಂದೆ ಅರ್ಧ ರಕಾರವಾಗಿ ಬಿದ್ದಿತ್ತು. ಕಂಪ್ಯೂಟರಿನ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಕನ್ನಡ ಅಕ್ಷರಗಳನ್ನು ಬಿಡಿಬಿಡಿಯಾಗಿ ಶೇಖರಿಸಲಾಗುತ್ತದೆ. ಅವನ್ನು ಕೂಡಿಸಿ ಗುಣಿತ, ಒತ್ತು ಮಾಡುವುದು ತೆರೆಗೆ ತರುವ ತಂತ್ರಾಂಶದ ಕೆಲಸ. ಶಿವಮೊಗ್ಗ ಎಂಬ ಪದದಲ್ಲಿ ನಮಗೆ ಕಾಣುವುದು ನಾಲ್ಕು ಅಕ್ಷರ, ಆರ್‌ಗೆ ಎಣಿಸಲು ಹೇಳಿದರೆ ಎಂಟು ಎನ್ನುತ್ತದೆ. ಉದ್ದದ ಹೆಸರನ್ನು ಇಷ್ಟು ಅಕ್ಷರಕ್ಕೆ ಮುರಿದು ಎರಡು ಸಾಲು ಮಾಡು ಎಂದು ಹೇಳುವಾಗ ಈ ವ್ಯತ್ಯಾಸ ನೆನಪಿರಬೇಕು, ಇಲ್ಲವಾದರೆ ಅದು ಅರ್ಧ ದಾರಿಯಲ್ಲೇ ಮುರಿಯುತ್ತದೆ. ನನಗೆ ಕೊನೆಗೆ ಒದಗಿದ್ದು ರ್‍ಯಾಗ್ ಎಂಬ ಪ್ಯಾಕೇಜು ಮತ್ತು ನೋಟೊ ಸ್ಯಾನ್ಸ್ ಕನ್ನಡ ಎಂಬ ಅಕ್ಷರ ಶೈಲಿ; ಇವೆರಡು ಕೂಡಿದಾಗ ಒತ್ತು, ಅರ್ಕಾವತ್ತು ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದವು. ನಮ್ಮ ಭಾಷೆಯಲ್ಲಿ ಚಿತ್ರಗಳಿಗೆ ಲೇಬಲ್ ಬರೆಯುವವರು ಕಡಿಮೆ ಇರುವುದಕ್ಕೆ ಆಸಕ್ತಿಯ ಕೊರತೆಗಿಂತ ಈ ಮೊದಲ ಮೂರು ಸೋಲುಗಳೇ ಕಾರಣವಿರಬೇಕೆಂದು ನಾನು ನಂಬಿದ್ದೇನೆ. ಮುರಿದ ಒತ್ತಕ್ಷರವನ್ನು ನೋಡಿ ಬೇಸತ್ತು ಇಂಗ್ಲಿಷಿಗೆ ಮರಳುವುದು ಬಹಳ ಸುಲಭ.

ಲೆಜೆಂಡಿನ ಕತೆ ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಅಲ್ಲಿ ನಾನು ಸುಳ್ಳು ಹೇಳಿಬಿಟ್ಟಿದ್ದೆ.

ಊರಿನ ಬೆಳೆಗಾರರ ಸಭೆಗೆಂದು ಆಗುಂಬೆ, ಹೊಸನಗರ, ಸಾಗರ, ಶಿವಮೊಗ್ಗ, ತೀರ್ಥಹಳ್ಳಿ ಈ ಐದು ಊರುಗಳ ಮಳೆಯನ್ನು ಐದು ಬಣ್ಣದ ಗೆರೆಗಳಲ್ಲಿ ಬರೆದಿದ್ದೆ. ದತ್ತಾಂಶದಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿದ್ದವು. ಲೆಜೆಂಡಿನಲ್ಲಿ ಮಾತ್ರ ಕನ್ನಡ ಇರಲೆಂದು ಲೇಬಲ್ಸ್‌ಗೆ ಐದು ಹೆಸರುಗಳ ಪಟ್ಟಿ ಕೊಟ್ಟೆ. ನಾಲಿಗೆಗೆ ಬಂದ ಕ್ರಮದಲ್ಲಿ ಆಗುಂಬೆ, ಸಾಗರ, ಹೊಸನಗರ, ಶಿವಮೊಗ್ಗ, ತೀರ್ಥಹಳ್ಳಿ ಎಂದು ಬರೆದೆ. ಆರ್ ಊರುಗಳನ್ನು ಇಂಗ್ಲಿಷ್ ಅಕಾರಾದಿಯಲ್ಲಿ ಜೋಡಿಸಿಕೊಂಡಿತ್ತು, ಅದರಲ್ಲಿ ಹೊಸನಗರ ಎರಡನೆಯದು, ಸಾಗರ ಮೂರನೆಯದು. ಪಟ್ಟಿಯ ಎರಡನೆಯ ಹೆಸರು ಎರಡನೆಯ ಬಣ್ಣಕ್ಕೆ ಅಂಟಿಕೊಂಡಿತು, ಮೂರನೆಯದು ಮೂರನೆಯದಕ್ಕೆ. ಒಂದು ಎಚ್ಚರಿಕೆಯ ಮಾತೂ ಬರಲಿಲ್ಲ, ಬರುವಂತೆಯೂ ಇಲ್ಲ. ನಾನು ಕೊಟ್ಟ ಹೆಸರು ನಿಜವೋ ಅಲ್ಲವೋ ಎಂಬುದು ಯಂತ್ರಕ್ಕೆ ಗೊತ್ತಾಗುವ ಸಂಗತಿಯಲ್ಲ. ಅಚ್ಚು ಹಾಕಿಸಿದ ಹಾಳೆಯನ್ನು ಹಿಂದಿನ ರಾತ್ರಿ ನೋಡಿದ ಅಪ್ಪಯ್ಯ, ‘ಹೊಸನಗರಕ್ಕಿಂತ ಸಾಗರಕ್ಕೆ ಹೆಚ್ಚು ಮಳೆಯೇ? ಯಾವ ಕಾಲದಲ್ಲಿ?’ ಎಂದರು. ಊರಿನ ಮಳೆ ಬಲ್ಲ ಒಬ್ಬ ಮನುಷ್ಯ ಮನೆಯಲ್ಲಿರದಿದ್ದರೆ ಎರಡು ಊರುಗಳ ಮಳೆ ಅದಲುಬದಲಾಗಿ ನಲವತ್ತು ಜನರ ಕೈಗೆ ಹೋಗುತ್ತಿತ್ತು.

ಅಂದು ರಾತ್ರಿಯೇ, ಇನ್ನು ಹೀಗಾಗದಿರಲೆಂದು, ದತ್ತಾಂಶದಲ್ಲಿಯೇ ಹೆಸರುಗಳನ್ನು ಕನ್ನಡಕ್ಕೆ ಬದಲಾಯಿಸಿದೆ. ಹೆಸರುಗಳು ಸರಿಯಾದವು, ಬಣ್ಣಗಳು ಬದಲಾದವು! ಕನ್ನಡದ ಅಕಾರಾದಿಯಲ್ಲಿ ಕ್ರಮ ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ, ಸಾಗರ, ಹೊಸನಗರ. ಆರ್ ತನ್ನ ಬಣ್ಣಗಳನ್ನು ಆ ಕ್ರಮದಲ್ಲಿ ಹಂಚುವುದರಿಂದ ಆಗುಂಬೆಯ ಕೆಂಪು ಒಂದನ್ನು ಬಿಟ್ಟು ಉಳಿದ ನಾಲ್ಕೂ ಕೈ ಬದಲಿಸಿದವು. ಹಳದಿ ಬೆರೆತ ಹಸಿರಿನಲ್ಲಿದ್ದ ಹೊಸನಗರ ಗುಲಾಬಿಯಾಯಿತು, ಗುಲಾಬಿಯಲ್ಲಿದ್ದ ತೀರ್ಥಹಳ್ಳಿ ಹಸಿರಾಯಿತು. ಹಿಂದಿನ ವರ್ಷದ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡವರು ಹೊಸದನ್ನು ಪಕ್ಕಕ್ಕಿಟ್ಟು ನೋಡಿದರೆ ಏನು ತಿಳಿದುಕೊಳ್ಳುತ್ತಿದ್ದರು? ಪರಿಹಾರವೆಂದರೆ ಬಣ್ಣವನ್ನು ಸ್ಥಾನಕ್ಕೆ ಕೊಡದೆ ಹೆಸರಿಗೆ ಕೊಡುವುದು. ‘ಹೊಸನಗರಕ್ಕೆ ಈ ಬಣ್ಣ, ಸಾಗರಕ್ಕೆ ಈ ಬಣ್ಣ’ ಎಂದು ಜೋಡಿ ಜೋಡಿಯಾಗಿ ಬರೆದಿಟ್ಟ ಪಟ್ಟಿಯನ್ನು ಕೊಟ್ಟರೆ ಊರುಗಳ ಕ್ರಮ ಹೇಗೆ ಬದಲಾದರೂ, ಒಂದು ಊರು ಬಿಟ್ಟುಹೋದರೂ, ಬಣ್ಣ ಅಲುಗುವುದಿಲ್ಲ. ಲೇಬಲ್ಲುಗಳಿಗೂ ಇದೇ ರೀತಿ ಜೋಡಿ ಪಟ್ಟಿಯನ್ನೇ ಕೊಡಬೇಕು. ಜಿಜಿಪ್ಲಾಟ್2 ಬಳಸದೆ ಮೂಲ ಆರ್‌ನಲ್ಲಿಯೇ ಬರೆಯುವವರು ಇನ್ನಷ್ಟು ಎಚ್ಚರದಿಂದಿರಬೇಕು. ಅಲ್ಲಿ ಲೆಜೆಂಡ್ ಎಂಬುದು ಚಿತ್ರದ ಮೇಲೆ ಬೇರೆಯಾಗಿ ಅಂಟಿಸುವ ಚೀಟಿ, ಅದಕ್ಕೂ ಕೆಳಗಿನ ಗೆರೆಗಳಿಗೂ ಯಾವ ನಂಟೂ ಇರುವುದಿಲ್ಲ.

ಈಗ ನಾನು ಸಾಧ್ಯವಿದ್ದಲ್ಲೆಲ್ಲ ಲೆಜೆಂಡನ್ನು ತೆಗೆದುಬಿಡುತ್ತೇನೆ. ನಮ್ಮ ಚಿತ್ರಗಳನ್ನು ನೋಡುವವರು ನೋಡುವುದು ವಾಟ್ಸಾಪಿನಲ್ಲಿ, ಉದ್ದಕ್ಕೆ ಹಿಡಿದ ಮೊಬೈಲಿನಲ್ಲಿ. ಬಲಗಡೆ ಲೆಜೆಂಡ್ ಕೂತರೆ ಚಿತ್ರ ಕಿರಿದಾಗುತ್ತದೆ, ಕಣ್ಣು ಗೆರೆಯಿಂದ ಲೆಜೆಂಡಿಗೆ, ಲೆಜೆಂಡಿನಿಂದ ಗೆರೆಗೆ ಓಡಾಡುತ್ತದೆ, ವಯಸ್ಸಾದ ಕಣ್ಣಿಗೆ ಎರಡು ಹತ್ತಿರದ ಬಣ್ಣಗಳು ಒಂದಾಗುತ್ತವೆ. ಪ್ರತಿ ಗೆರೆಯ ಕೊನೆಯ ಬಿಂದುವಿನ ಪಕ್ಕದಲ್ಲೇ ಊರಿನ ಹೆಸರನ್ನು ಅದೇ ಬಣ್ಣದಲ್ಲಿ ಬರೆದರೆ ಹುಡುಕುವ ಪ್ರಶ್ನೆಯೇ ಬರುವುದಿಲ್ಲ. ಅಕ್ಷದ ಬಲ ತುದಿಯಲ್ಲಿ ನೂರಕ್ಕೆ ಹದಿನೈದರಷ್ಟು ಜಾಗ ಬಿಡಲು ಹೇಳಬೇಕು, ಇಲ್ಲದಿದ್ದರೆ ‘ತೀರ್ಥಹಳ್ಳಿ’ ‘ತೀರ್ಥ’ದಲ್ಲೇ ತುಂಡಾಗುತ್ತದೆ. ಲೆಜೆಂಡ್ ಉಳಿಸಿಕೊಂಡೇ ಹೆಸರನ್ನೂ ಬರೆದರೆ ಲೆಜೆಂಡಿನ ಪ್ರತಿ ಗೆರೆಯ ಮೇಲೆ ಇಂಗ್ಲಿಷಿನ ಸಣ್ಣ ‘ಎ’ ಅಕ್ಷರವೊಂದು ಬಂದು ಕೂರುತ್ತದೆ. ಬರಹಕ್ಕೆ ಲೆಜೆಂಡ್ ಬೇಡವೆಂದು ಒಂದು ಮಾತು ಹೇಳಿದರೆ ಅದು ಹೋಗುತ್ತದೆ.

ಎಡ ಅಕ್ಷದ ವಿಷಯದಲ್ಲಿ ನಾನು ಅಪ್ಪಯ್ಯನ ಇಂಚನ್ನೇ ಉಳಿಸಿಕೊಂಡೆ, ಬಲಗಡೆ ಮಿಲಿಮೀಟರ್ ಬರೆದೆ. ಎರಡು ಅಕ್ಷಗಳ ಚಿತ್ರ ಕೂಡದೆಂಬ ವಾದವನ್ನು ನಾನು ಒಪ್ಪುತ್ತೇನೆ, ಆದರೆ ಇಲ್ಲಿ ಇರುವುದು ಒಂದೇ ಮಳೆಗೆ ಎರಡು ಅಳತೆ, 25.4ರಿಂದ ಗುಣಿಸಿದರೆ ಒಂದು ಇನ್ನೊಂದಾಗುತ್ತದೆ. ಎಡಕ್ಕೆ ಮಳೆ, ಬಲಕ್ಕೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ ಇಟ್ಟು ಎರಡು ಗೆರೆ ಎಳೆಯುವುದು ಬೇರೆ ಮಾತು. ಅಲ್ಲಿ ಒಂದು ಇಂಚು ಮಳೆಗೆ ಎಷ್ಟು ಅಡಿ ಎಂಬ ಅನುಪಾತವನ್ನು ಚಿತ್ರ ಬರೆಯುವವರೇ ಮನಸ್ಸಿಗೆ ಬಂದಂತೆ ಇಟ್ಟುಕೊಳ್ಳುತ್ತಾರೆ, ಗೆರೆಗಳು ಎಲ್ಲಿ ಕೂಡಬೇಕು ಎಲ್ಲಿ ಅಗಲಬೇಕು ಎಂಬುದೂ ಅವರ ಇಷ್ಟವಾಗುತ್ತದೆ. ನಾನು ಅವನ್ನು ಒಂದರ ಕೆಳಗೊಂದರಂತೆ ಎರಡು ಚಿತ್ರ ಮಾಡುತ್ತೇನೆ. ಮಳೆಯ ಸ್ತಂಭಗಳ ಅಕ್ಷ ಸೊನ್ನೆಯಿಂದಲೇ ಆರಂಭವಾಗಬೇಕು, ಏಕೆಂದರೆ ಅಲ್ಲಿ ಉದ್ದವೇ ಅಳತೆ. ಅಣೆಕಟ್ಟಿನ ಮಟ್ಟಕ್ಕೆ ಸೊನ್ನೆ ಅರ್ಥಹೀನ. ಆ ಅಡಿಗಳನ್ನು ಸಮುದ್ರಮಟ್ಟದಿಂದ ಎಣಿಸುತ್ತಾರೆ. 1740ರಿಂದ ಹಿಡಿದು, 1819 ಅಡಿಯಲ್ಲಿ ಒಂದು ಅಡ್ಡಗೆರೆ ಎಳೆದು, ಅದರ ಮೇಲೆಯೇ ‘ತುಂಬುವ ಮಟ್ಟ’ ಎಂದು ಬರೆದರೆ ಪತ್ರಿಕೆಯಲ್ಲಿ ದಿನವೂ ಆ ಅಂಕಿಯನ್ನು ಹುಡುಕುವ ನಮ್ಮ ಜಿಲ್ಲೆಯವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ತಳದ ಒಂದು ಅಡಿಗಿಂತ ಬಹಳ ಹೆಚ್ಚು ಎಂಬುದನ್ನು ಮಾತ್ರ ಆ ಅಕ್ಷ ಹೇಳಲಾರದು.

ಅಕ್ಷದ ಮಿತಿಯನ್ನು ಹಾಕುವಲ್ಲಿಯೂ ಒಂದು ಹಳ್ಳವಿದೆ. ಚಿತ್ರ ಅಂದವಾಗಿರಲೆಂದು ಎಡ ಅಕ್ಷವನ್ನು ಸ್ಕೇಲ್ ಆದೇಶದಲ್ಲಿ ಹತ್ತು ಇಂಚಿಗೆ ಮಿತಿಗೊಳಿಸಿದೆ. ಹತ್ತು ದಾಟಿದ ದಿನದ ಸ್ತಂಭ ಮೇಲೆ ತುಂಡಾಗಿ ನಿಲ್ಲುತ್ತದೆಂದು ಭಾವಿಸಿದ್ದೆ, ಅದು ಇಡಿಯಾಗಿ ಮಾಯವಾಯಿತು. ಸ್ಕೇಲಿನ ಮಿತಿಯ ಹೊರಗಿರುವ ಅಂಕಿಯನ್ನು ಜಿಜಿಪ್ಲಾಟ್2 ಇಲ್ಲವೆಂದೇ ಲೆಕ್ಕ ಹಾಕುತ್ತದೆ, ಒಂದು ಸಾಲನ್ನು ತೆಗೆದುಹಾಕಲಾಗಿದೆ ಎಂದು ಕೆಳಗೆ ಒಂದು ಸೂಚನೆ ಕೊಟ್ಟು ಸುಮ್ಮನಾಗುತ್ತದೆ. ಇಡೀ ವರ್ಷದ ಅತಿ ದೊಡ್ಡ ಮಳೆಯ ದಿನ ಚಿತ್ರದಲ್ಲಿ ಮಳೆಯೇ ಬಾರದ ದಿನವಾಗಿ ಕಾಣುತ್ತಿತ್ತು. ದತ್ತಾಂಶವನ್ನು ಮುಟ್ಟದೆ ನೋಟವನ್ನಷ್ಟೇ ಹಿಗ್ಗಿಸಲು ಕೋಆರ್ಡ್ ಕಾರ್ಟೀಸಿಯನ್ ಎಂಬ ಬೇರೆ ಆದೇಶವಿದೆ, ಮಿತಿಯನ್ನು ಅಲ್ಲಿ ಹಾಕಬೇಕು. ಊರಿಗೊಂದು ಚಿಕ್ಕ ಚಿತ್ರ ಮಾಡುವಾಗ ಪ್ರತಿಯೊಂದಕ್ಕೂ ತನ್ನದೇ ಎಡ ಅಕ್ಷ ಇರಲಿ ಎಂದು ಬಿಡುವ ಸೌಲಭ್ಯವನ್ನೂ ನಾನು ದೂರವಿಟ್ಟಿದ್ದೇನೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ; ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಇಲ್ಲ. ಅಕ್ಷಗಳನ್ನು ಬಿಡಿಬಿಡಿ ಮಾಡಿದರೆ ಎರಡೂ ಊರಿನ ಸ್ತಂಭಗಳು ಒಂದೇ ಎತ್ತರಕ್ಕೆ ನಿಂತು ಪಶ್ಚಿಮ ಘಟ್ಟವೇ ಇಲ್ಲದಂತಾಗುತ್ತದೆ.

ಅಡಕೆಯ ದರದ ಚಿತ್ರಗಳನ್ನೂ ಒಂದೆರಡು ಸಲ ಮಾಡಿದ್ದೇನೆ. ಕ್ವಿಂಟಲಿಗೆ ಒಂದು ಲಕ್ಷದವರೆಗೆ ಅಕ್ಷ ಹೋದಾಗ ಆರ್ 100000 ಎಂದು ಬರೆಯದೆ ಒಂದು, ‘ಇ’, ಕೂಡು ಚಿಹ್ನೆ, ಸೊನ್ನೆ ಐದು ಎಂದು ಬರೆಯುತ್ತದೆ. ಎರಡು ಬರಹಗಳಲ್ಲಿ ಕಿರಿದಾದದ್ದನ್ನು ಆರಿಸುವುದು ಅದರ ನಿಯಮ. ಒಂದಕ್ಕೆ ಆರು ಸ್ಥಾನ ಬೇಕು, ಇನ್ನೊಂದಕ್ಕೆ ಐದು ಸಾಕು. ಸಾವಿರದಿಂದ ಭಾಗಿಸಿ ಅಕ್ಷದ ಹೆಸರಿನಲ್ಲಿ ‘ಸಾವಿರ ರೂಪಾಯಿ’ ಎಂದು ಬರೆದರೆ ಮಂಡಿಯಲ್ಲಿ ಆಡುವ ಮಾತಿಗೆ ಅದು ಸರಿಹೊಂದುತ್ತದೆ.

ಮಳೆಯ ಚಿತ್ರದಲ್ಲಿ ಕೊನೆಗೆ ಉಳಿದದ್ದು ಎರಡು ಲೇಬಲ್ಲುಗಳು. ಬೆಳಿಗ್ಗೆ ಎಂಟೂವರೆಗೆ ಅಳೆದ ನೀರು ಹಿಂದಿನ ಇಪ್ಪತ್ತನಾಲ್ಕು ಗಂಟೆಗಳದ್ದು. ಜುಲೈ 20ರ ಸಾಲಿನಲ್ಲಿರುವ ಮಳೆಯ ಹೆಚ್ಚಿನ ಪಾಲು ಬಿದ್ದದ್ದು 19ರಂದು. ನಕ್ಷತ್ರ ಬದಲಾಗುವ ದಿನ ಇದು ದೊಡ್ಡ ವ್ಯತ್ಯಾಸವಾಗಬಹುದು. ಆದ್ದರಿಂದ ಕೆಳ ಅಕ್ಷದ ಹೆಸರಿನಲ್ಲಿ ‘ಅಳೆದ ದಿನ, ಬೆಳಿಗ್ಗೆ 8.30’ ಎಂದೇ ಬರೆದೆ.

ಇನ್ನೊಂದು, ಅಳೆಯದ ದಿನಗಳದ್ದು. ಅಮ್ಮನ ಕಾಲಿನ ಆಪರೇಷನ್ನಿಗೆಂದು ಅಪ್ಪಯ್ಯ ಶಿವಮೊಗ್ಗದ ಆಸ್ಪತ್ರೆಯಲ್ಲಿ ಉಳಿದ ವಾರ, ದೊಡ್ಡಪ್ಪ ತೀರಿಕೊಂಡಾಗಿನ ದಿನಗಳು, ಇಂಥವು ಪುಸ್ತಕದಲ್ಲಿ ಖಾಲಿ ಇವೆ. ಆ ತಾರೀಖುಗಳ ಸಾಲುಗಳೇ ದತ್ತಾಂಶದಲ್ಲಿ ಇಲ್ಲದ್ದರಿಂದ ಸ್ತಂಭದ ಚಿತ್ರದಲ್ಲಿ ಅವು ಮಳೆ ಬಾರದ ದಿನಗಳಂತೆ, ಹೊಳವಿನಂತೆ ಕಾಣುತ್ತಿದ್ದವು; ಗೆರೆಯ ಚಿತ್ರದಲ್ಲಿ ಹಿಂದಿನ ಬಿಂದುವಿನಿಂದ ಮುಂದಿನದಕ್ಕೆ ನೇರ ಗೆರೆ ಎಳೆದು ಆರ್ ಆ ವಾರವನ್ನು ಮುಚ್ಚಿಬಿಟ್ಟಿತ್ತು. ಎಲ್ಲ ತಾರೀಖುಗಳನ್ನು ಮೊದಲು ತುಂಬಿಸಿ, ಅಳತೆಯ ಜಾಗದಲ್ಲಿ ‘ಇಲ್ಲ’ ಎಂದು ಗುರುತು ಹಾಕಿದ ಮೇಲೆಯೇ ಗೆರೆ ಅಲ್ಲಿ ಕಡಿಯುತ್ತದೆ. ಪಕ್ಕದ ಊರಿನ ಮಾಪಕದ ಅಂಕಿಯನ್ನು ಅಲ್ಲಿ ತುಂಬಲೇ ಎಂದು ಕೇಳಿದೆ. ಅಪ್ಪಯ್ಯ ಬೇಡವೆಂದರು, ಯಾವ ಖಾಲಿ ಯಾವ ಕಾರಣಕ್ಕೆ ಎಂದು ಒಂದೊಂದಾಗಿ ನೆನಪಿನಿಂದ ಹೇಳುತ್ತಾ ಹೋದರು, ನಾನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಆ ದಿನಗಳ ಹಿಂದೆ ತೆಳು ಬೂದು ಪಟ್ಟಿ ಹಾಕಿದ್ದೇನೆ. ನಾನು ಉಳಿಸಿಕೊಂಡಿರುವ ಒಂದೇ ಲೆಜೆಂಡ್ ಅದರದ್ದು, ಚಿತ್ರದ ಕೆಳಗೆ ಎರಡು ಚೌಕ: ನೀಲಿಗೆ ‘ಬಿದ್ದ ಮಳೆ’, ಬೂದಿಗೆ ‘ಅಳೆದಿಲ್ಲ’.